ಪೊರೆ ಆಪರೇಷನ್ ನಂತರ ಕಣ್ಣಿನೊಳಗೆ ಸೋಂಕು: ಇಂಜೆಕ್ಷನ್ ಸಾಕಾ, ಸರ್ಜರಿ ಆಗಲೇಬೇಕಾ?

ಕಕ್ಕಬ್ಬೆ ಹೊಳೆ
ಅಪ್ಪನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಮೈಸೂರಿನಲ್ಲಿ ಎಡಗಣ್ಣಿನ ಪೊರೆ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಚೆನ್ನಾಗಿ ಕಾಣುತ್ತಿತ್ತು. ಊರಿಗೆ ಬಂದು ವಾರ ತುಂಬುವ ಮೊದಲೇ ಕಣ್ಣು ಕೆಂಪಾಯಿತು, ರೆಪ್ಪೆ ಊದಿತು, ದೃಷ್ಟಿ ಮಸುಕಾಯಿತು. ಮಳೆಯಲ್ಲೇ ಕಾರು ಮಾಡಿಕೊಂಡು ವಾಪಸ್ ಹೋದೆವು. ಕಣ್ಣುಗುಡ್ಡೆಯ ಒಳಗೇ ಸೋಂಕಾಗಿದೆ, ಇದಕ್ಕೆ ಎಂಡಾಫ್ಥಾಲ್ಮೈಟಿಸ್ ಅನ್ನುತ್ತಾರೆ ಅಂತ ಡಾಕ್ಟರ್ ಹೇಳಿದರು. ಒಳಗಿನ ದ್ರವ ಸ್ವಲ್ಪ ತೆಗೆದು ಲ್ಯಾಬಿಗೆ ಕಳಿಸಿ, ಕಣ್ಣಿನೊಳಗೇ ಎರಡು ಔಷಧಿ ಚುಚ್ಚಿದ್ದಾರೆ. ಈಗ ಬೆರಳು ಎಣಿಸಲು ಆಗುತ್ತಿಲ್ಲ. ಮುಖದ ಹತ್ತಿರ ಕೈ ಆಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಚಿಕ್ಕಪ್ಪ ಫೋನ್ ಮಾಡಿ, "ಕೂಡಲೇ ವಿಟ್ರೆಕ್ಟಮಿ ಸರ್ಜರಿ ಮಾಡಿಸು, ಕಾಯಬೇಡ" ಅಂತ ಒಂದೇ ಸಮ ಹೇಳುತ್ತಿದ್ದಾರೆ. ಅತ್ತೆ ಮನೆಯವರು "ಡ್ರಿಪ್‌ನಲ್ಲಿ ಆಂಟಿಬಯಾಟಿಕ್ ಯಾಕೆ ಹಾಕಿಲ್ಲ?" ಅಂತ ಕೇಳುತ್ತಾರೆ. ಇಲ್ಲಿಯ ಡಾಕ್ಟರ್ ಎರಡು ದಿನ ನೋಡೋಣ ಅನ್ನುತ್ತಾರೆ. ಯಾರ ಮಾತು ಕೇಳಲಿ? ಇದನ್ನು ಕಂಡವರು, ಗೊತ್ತಿರುವವರು ದಯವಿಟ್ಟು ಹೇಳಿ.

ಮಂಜಿನ ಮಡಿಕೇರಿ
ಅಪ್ಪ ಬೇಗ ಹುಷಾರಾಗಲಿ ಅಕ್ಕ. ಕಾಯದೆ ಹೊರಟಿರಲ್ಲ, ಅದೇ ದೊಡ್ಡದು.

ಸೋಮವಾರಪೇಟೆ ಅಣ್ಣ
ಇದು ನೂರಕ್ಕೆ ನೂರು ಆಸ್ಪತ್ರೆಯ ತಪ್ಪು. ಕಾಗದಪತ್ರ ಎಲ್ಲಾ ಇಟ್ಟುಕೊಳ್ಳಿ. ನಮ್ಮ ಸೋದರತ್ತೆಗೂ ಹೀಗೇ ಆಗಿತ್ತು. ಆಪರೇಷನ್ ಮಾಡಿದ ಕಡೆಗೆ ಫೋನ್ ಮಾಡಿದರೆ "ಸ್ವಲ್ಪ ಕೆಂಪು ಇರುತ್ತದೆ, ಡ್ರಾಪ್ಸ್ ಮುಂದುವರಿಸಿ, ಸೋಮವಾರ ಬನ್ನಿ" ಅಂದರು. ಸೋಮವಾರ ಹೋಗುವಷ್ಟರಲ್ಲಿ ಕಣ್ಣಲ್ಲಿ ಬೆಳಕೂ ಇರಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಪೊನ್ನಂಪೇಟೆ ರೆಟಿನಾ
ನಾನು ಪೊನ್ನಂಪೇಟೆಯವನು, ಬೇರೆ ಊರಿನಲ್ಲಿ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಡಾಕ್ಟರ್. ನಿಮ್ಮ ತಂದೆಯ ಕಣ್ಣು ನಾನು ನೋಡಿಲ್ಲ, ಹಾಗಾಗಿ ಅಲ್ಲಿಯ ಡಾಕ್ಟರ ಮಾತೇ ಮುಖ್ಯ. ಆದರೆ ಅವರು ಮಾಡಿದ್ದಕ್ಕೆ ಕಾರಣ ಏನು ಅಂತ ಹೇಳಬಲ್ಲೆ.

ಮೊದಲು ಡ್ರಿಪ್ ವಿಷಯ. ರಕ್ತಕ್ಕೂ ರೆಟಿನಾಕ್ಕೂ ನಡುವೆ ಒಂದು ತಡೆ ಇದೆ. ಕೈಗೆ ಹಾಕಿದ ಔಷಧಿಯಲ್ಲಿ ತುಂಬಾ ಕಡಿಮೆ ಪಾಲು ಕಣ್ಣಿನೊಳಗೆ ತಲುಪುತ್ತದೆ. ಹೊರಗಿಂದ ಹಾಕುವ ಹನಿಯೂ ಹಿಂಭಾಗದ ಲೋಳೆಯವರೆಗೆ ಸಾಕಷ್ಟು ಹೋಗುವುದಿಲ್ಲ. ಅದಕ್ಕೇ ನೇರ ಒಳಗೆ ಚುಚ್ಚುವುದು. ಸಾಮಾನ್ಯವಾಗಿ ವ್ಯಾಂಕೊಮೈಸಿನ್ 1 ಮಿಲಿಗ್ರಾಂ, ಸೆಫ್ಟಾಜಿಡಿಮ್ 2.25 ಮಿಲಿಗ್ರಾಂ. ಎರಡೂ ತಲಾ 0.1 ಎಂಎಲ್‌ನಲ್ಲಿ. ಎರಡು ಬೇರೆ ಬೇರೆ ಗುಂಪಿನ ಬ್ಯಾಕ್ಟೀರಿಯಾಕ್ಕೆ ಎರಡು ಔಷಧಿ.

ಇನ್ನು ವಿಟ್ರೆಕ್ಟಮಿ. ಕಣ್ಣಿನೊಳಗೆ ಮೊಟ್ಟೆಯ ಬಿಳಿಯಂಥ ಲೋಳೆ ತುಂಬಿರುತ್ತದೆ. ಕೀವು ಸೇರಿದ ಆ ಲೋಳೆಯನ್ನು ಕತ್ತರಿಸಿ ಹೊರತೆಗೆಯುವ ಸರ್ಜರಿ ಅದು. 1995ರಲ್ಲಿ ಅಮೆರಿಕದಲ್ಲಿ 420 ರೋಗಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಎಲ್ಲರೂ ಪೊರೆ ಅಥವಾ ಲೆನ್ಸ್ ಆಪರೇಷನ್ ಆಗಿ ಆರು ವಾರದೊಳಗೆ ಸೋಂಕಾದವರು. ಕೈ ಆಡಿಸಿದ್ದು ಗೊತ್ತಾಗುವಷ್ಟು ದೃಷ್ಟಿ ಇದ್ದವರಲ್ಲಿ, ದ್ರವ ತೆಗೆದು ಇಂಜೆಕ್ಷನ್ ಕೊಟ್ಟರೂ ಕೂಡಲೇ ವಿಟ್ರೆಕ್ಟಮಿ ಮಾಡಿದರೂ ಫಲ ಹೆಚ್ಚುಕಮ್ಮಿ ಒಂದೇ. ಬರೀ ಬೆಳಕು ಮಾತ್ರ ಕಾಣುತ್ತಿದ್ದವರಲ್ಲಿ ಮಾತ್ರ ಕೂಡಲೇ ಸರ್ಜರಿ ಮಾಡಿದ್ದಕ್ಕೆ ಸ್ಪಷ್ಟ ಲಾಭ ಕಂಡಿತು. ಡ್ರಿಪ್‌ನಲ್ಲಿ ಕೊಟ್ಟ ಆಂಟಿಬಯಾಟಿಕ್‌ನಿಂದ ಹೆಚ್ಚಿನ ಉಪಯೋಗ ಸಿಗಲಿಲ್ಲ.

ನಿಮ್ಮ ತಂದೆಗೆ ಕೈ ಆಡಿಸಿದ್ದು ಗೊತ್ತಾಗುತ್ತದೆ, ಅಂದರೆ ಮೊದಲ ಗುಂಪಿಗೆ ಸೇರುತ್ತಾರೆ. ಹಾಗಾಗಿ ಇಂಜೆಕ್ಷನ್ ಕೊಟ್ಟು ನೋಡುವುದು ಸರಿಯಾದ ದಾರಿಯೇ. 36ರಿಂದ 48 ಗಂಟೆಯಲ್ಲಿ ಸುಧಾರಣೆ ಇಲ್ಲದಿದ್ದರೆ ಮತ್ತೆ ಚುಚ್ಚುತ್ತಾರೆ, ಇಲ್ಲವೇ ಸರ್ಜರಿಗೆ ತೆಗೆದುಕೊಳ್ಳುತ್ತಾರೆ.

ಕಕ್ಕಬ್ಬೆ ಹೊಳೆ
ಡಾಕ್ಟ್ರೇ, ತುಂಬಾ ಉಪಕಾರವಾಯಿತು. ಸಕ್ಕರೆ ಇರುವವರಿಗೂ ಇದೇ ಲೆಕ್ಕವಾ?

ಪೊನ್ನಂಪೇಟೆ ರೆಟಿನಾ
ಒಳ್ಳೆಯ ಪ್ರಶ್ನೆ. ಸಕ್ಕರೆ ಇದ್ದವರಿಗೆ ಸರ್ಜರಿಯಿಂದ ಸ್ವಲ್ಪ ಹೆಚ್ಚು ಲಾಭವಾಗಬಹುದು ಅನ್ನುವ ಸುಳಿವು ಅದೇ ಅಧ್ಯಯನದಲ್ಲಿ ಇತ್ತು. ಆದರೆ ಖಚಿತವಾಗಿ ಹೇಳಲು ರೋಗಿಗಳ ಸಂಖ್ಯೆ ಸಾಲಲಿಲ್ಲ. ಅದೂ ಅಲ್ಲದೆ 1995ರ ಸಲಕರಣೆ ಬೇರೆ, ಈಗಿನದು ಬೇರೆ. ಈಗ ತೀರಾ ಸಣ್ಣ ರಂಧ್ರದಲ್ಲಿ, ಹೊಲಿಗೆ ಇಲ್ಲದೆ ಮಾಡುತ್ತಾರೆ. ಅದಕ್ಕೇ ಈಗ ಕೆಲವು ಡಾಕ್ಟರುಗಳು ಬೇಗನೇ ಸರ್ಜರಿಗೆ ಹೋಗುತ್ತಾರೆ. ಇಬ್ಬರು ಡಾಕ್ಟರು ಎರಡು ಥರ ಹೇಳಿದರೆ ಒಬ್ಬರು ಮೋಸ ಮಾಡುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ.

ಕರಿಮೆಣಸು ಬಳ್ಳಿ
ಸಿದ್ದಾಪುರದಿಂದ. ಚಿಕ್ಕಪ್ಪಂದಿರು ಎಲ್ಲಾ ಮನೆಯಲ್ಲೂ ಡಾಕ್ಟರೇ. ಪ್ರೀತಿಯಿಂದ ಹೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ ಅಕ್ಕ.

ಥಿಯೇಟರ್ ಸಿಸ್ಟರ್
ಕುಶಾಲನಗರದವಳು, ಕಣ್ಣಿನ ಆಪರೇಷನ್ ಥಿಯೇಟರಿನಲ್ಲಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಈ ಇಂಜೆಕ್ಷನ್ ತಯಾರಿ ಎಷ್ಟು ಸೂಕ್ಷ್ಮ ಅಂತ ಜನಕ್ಕೆ ಗೊತ್ತಿಲ್ಲ. ವ್ಯಾಂಕೊಮೈಸಿನ್ ಬರುವುದು 500 ಮಿಲಿಗ್ರಾಂ ಪುಡಿಯ ಬಾಟಲಿಯಲ್ಲಿ. ಕಣ್ಣಿಗೆ ಬೇಕಾಗಿದ್ದು ಒಂದೇ ಮಿಲಿಗ್ರಾಂ. ಹಂತ ಹಂತವಾಗಿ ಬೆರೆಸಿ ತೆಳು ಮಾಡಬೇಕು. ಒಂದು ಸೊನ್ನೆ ತಪ್ಪಿದರೆ ರೆಟಿನಾ ಹಾಳು. ಎರಡು ಔಷಧಿಯನ್ನೂ ಒಂದೇ ಸಿರಿಂಜಿನಲ್ಲಿ ಸೇರಿಸುವ ಹಾಗಿಲ್ಲ, ಬಿಳಿ ಗಷ್ಟು ಕಟ್ಟುತ್ತದೆ. ನಾವು ಲೆಕ್ಕವನ್ನು ಗೋಡೆಗೆ ಬರೆದು ಅಂಟಿಸಿರುತ್ತಿದ್ದೆವು, ಇಬ್ಬರು ನೋಡಿದ ಮೇಲೇ ಟ್ರೇಗೆ ಇಡುವುದು.

ಸೋಮವಾರಪೇಟೆ ಅಣ್ಣ, ನಿಮ್ಮ ಅತ್ತೆಗೆ ಫೋನಿನಲ್ಲಿ ಹಾಗೆ ಹೇಳಿದ್ದು ಖಂಡಿತ ತಪ್ಪು. ಆಪರೇಷನ್ ಆದ ಕಣ್ಣು ಕೆಂಪಾಗಿ ದೃಷ್ಟಿ ಇಳಿದಿದೆ ಅಂದರೆ ಅದೇ ದಿನ ನೋಡಬೇಕು. ಆದರೆ ಸೋಂಕು ಬಂತು ಅಂದಮಾತ್ರಕ್ಕೆ ಆಸ್ಪತ್ರೆಯದೇ ತಪ್ಪು ಅನ್ನಲಾಗದು. ಬಹಳ ಸಲ ಆ ಬ್ಯಾಕ್ಟೀರಿಯಾ ರೋಗಿಯ ರೆಪ್ಪೆ, ಚರ್ಮದ ಮೇಲೆಯೇ ಇರುತ್ತದೆ.

ಸೋಮವಾರಪೇಟೆ ಅಣ್ಣ
ಹಾಗಾದರೆ ಯಾರೂ ಜವಾಬ್ದಾರರಲ್ಲ ಅಂತಲಾ? ರೋಗಿಯ ರೆಪ್ಪೆ ಮೇಲೆ ಹಾಕಿದರೆ ಮುಗಿಯಿತಾ?

ಥಿಯೇಟರ್ ಸಿಸ್ಟರ್
ಮುಗಿಯುವುದಿಲ್ಲ. ರೆಪ್ಪೆಯ ಮೇಲಿದ್ದದ್ದು ಒಳಗೆ ಹೋಗದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ. ಆಪರೇಷನ್‌ಗೆ ಮುಂಚೆ ಸೂಕ್ಷ್ಮಜೀವಿ ಕೊಲ್ಲುವ 5% ಪೊವಿಡೋನ್ ಅಯೋಡಿನ್ ಹನಿ ಹಾಕಿ ಕೆಲವು ನಿಮಿಷ ಬಿಡಬೇಕು. ಅವಸರದಲ್ಲಿ ಅದನ್ನು ಮಾಡದಿದ್ದರೆ ಕೇಳುವ ಹಕ್ಕು ನಿಮಗಿದೆ. ಒಂದೇ ದಿನ, ಒಂದೇ ಥಿಯೇಟರಿನಲ್ಲಿ ಆಪರೇಷನ್ ಆದ ಹಲವರಿಗೆ ಸೋಂಕಾದರೆ ಅದು ಬೇರೆಯೇ ಮಾತು. ಆಗ ಥಿಯೇಟರ್ ಮುಚ್ಚಿ, ದ್ರಾವಣ, ಸಲಕರಣೆ ಎಲ್ಲವನ್ನೂ ಪರೀಕ್ಷೆಗೆ ಕಳಿಸಲೇಬೇಕು.

ಪೊನ್ನಂಪೇಟೆ ರೆಟಿನಾ
ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆಪರೇಷನ್ ಮುಗಿಯುವಾಗ ಕಣ್ಣಿನ ಮುಂಭಾಗದೊಳಗೆ ಮಾಕ್ಸಿಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಹಾಕುವ ಪದ್ಧತಿ ನಮ್ಮ ದೇಶದಲ್ಲಿ ಈಗ ಸಾಕಷ್ಟು ಕಡೆ ಇದೆ. ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆಗಳಲ್ಲಿ ಆರು ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳನ್ನು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ಔಷಧಿ ಹಾಕದವರಲ್ಲಿ ಹತ್ತು ಸಾವಿರಕ್ಕೆ 7 ಜನರಿಗೆ ಸೋಂಕು, ಹಾಕಿದವರಲ್ಲಿ 2. ಪೊರೆ ಆಪರೇಷನ್‌ಗೆ ಹೆದರಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಅಪಾಯ ತುಂಬಾ ಕಡಿಮೆ. ಬಂದರೆ ಮಾತ್ರ ಗಂಟೆ ಲೆಕ್ಕದಲ್ಲಿ ಓಡಬೇಕು.

ಹಳೇ ಕಾಲದವ
ನಾವು ಹುಡುಗರಾಗಿದ್ದಾಗ ಡಾ. ಎಂ.ಸಿ. ಮೋದಿಯವರ ಶಿಬಿರದ ಮಾತು ಕರ್ನಾಟಕದ ಎಲ್ಲಾ ಕಡೆ. ಶಾಲೆಯ ಕೊಠಡಿಯಲ್ಲಿ, ಕಲ್ಯಾಣ ಮಂಟಪದಲ್ಲಿ ಆಪರೇಷನ್. ಎಷ್ಟೋ ಬಡವರಿಗೆ ಬೆಳಕು ಕೊಟ್ಟರು, 1968ರಲ್ಲಿ ಪದ್ಮಭೂಷಣ ಬಂತು. ಈಗ ಯಾಕೆ ಹಾಗೆ ಊರೂರಲ್ಲಿ ಮಾಡುವುದಿಲ್ಲ?

ಥಿಯೇಟರ್ ಸಿಸ್ಟರ್
ಅಜ್ಜಾ, ಈ ಸೋಂಕಿನ ಭಯಕ್ಕೇ. ಈಗ ಊರಿನಲ್ಲಿ ಬರೀ ತಪಾಸಣೆ. ಆಪರೇಷನ್‌ಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಸರಿಯಾದ ಥಿಯೇಟರಿನಲ್ಲಿ ಮಾಡುತ್ತಾರೆ. ಮೋದಿ ಡಾಕ್ಟರ ಕಾಲದ ಕಷ್ಟವೇ ಬೇರೆ, ಅವರ ಸೇವೆಗೆ ಕೈ ಮುಗಿಯಬೇಕು.

ನಂದಿಬಟ್ಟಲು
ಇಷ್ಟೆಲ್ಲಾ ಇಂಜೆಕ್ಷನ್ ಯಾಕೆ? ನಂದಿಬಟ್ಟಲ ಹೂವಿನ ರಸ ಎರಡು ಹನಿ ಬಿಟ್ಟರೆ ಕೆಂಪು ಇಳಿಯುತ್ತದೆ. ನಮ್ಮ ಅಜ್ಜಿ ಎಲ್ಲರಿಗೂ ಅದನ್ನೇ ಹಾಕುತ್ತಿದ್ದರು. ಬಾಣಂತಿ ಹಾಲೂ ಒಳ್ಳೆಯದು.

ಮೈಕ್ರೋ ಲ್ಯಾಬ್
ದಯವಿಟ್ಟು ಬೇಡ. ಆಪರೇಷನ್ ಆದ ಕಣ್ಣಿಗೆ, ಗಾಯವಾದ ಕಣ್ಣಿಗೆ ಹೂವಿನ ರಸ, ಎದೆಹಾಲು, ಜೇನು ಯಾವುದನ್ನೂ ಹಾಕಬೇಡಿ. ಅಜ್ಜಿಯ ಮೇಲೆ ನಮಗೂ ಗೌರವ ಇದೆ. ಆದರೆ ಇವುಗಳಲ್ಲಿ ಏನೇನು ಬೆಳೆದಿರುತ್ತದೆ ಅಂತ ನಾನು ಲ್ಯಾಬಿನ ಪ್ಲೇಟಿನಲ್ಲಿ ದಿನಾ ನೋಡುತ್ತೇನೆ.

ಕಕ್ಕಬ್ಬೆ ಅಕ್ಕ, ಲ್ಯಾಬ್ ರಿಪೋರ್ಟ್ ಬಗ್ಗೆ ಒಂದು ಮಾತು. ಕಣ್ಣಿನಿಂದ ನಮಗೆ ಬರುವುದು ಎರಡು ಮೂರು ಹನಿ ಅಷ್ಟೇ. ಅದರಲ್ಲೇ ಗ್ರಾಂ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾ ನೋಡುವುದು), ಶಿಲೀಂಧ್ರ ನೋಡಲು ಕೆಒಎಚ್ ದ್ರಾವಣದ ಪರೀಕ್ಷೆ, ಕಲ್ಚರ್ (ಸೂಕ್ಷ್ಮಜೀವಿ ಬೆಳೆಸಿ ನೋಡುವುದು) ಎಲ್ಲಾ ಮಾಡಬೇಕು. ಸ್ಟೇನ್ ಅದೇ ದಿನ ಗೊತ್ತಾಗುತ್ತದೆ. ಕಲ್ಚರ್‌ಗೆ ಎರಡು ದಿನವಾದರೂ ಬೇಕು, ಶಿಲೀಂಧ್ರಕ್ಕೆ ಇನ್ನೂ ಜಾಸ್ತಿ. ಸುಮಾರು ಮೂರರಲ್ಲಿ ಒಂದು ಕೇಸಿನಲ್ಲಿ ಏನೂ ಬೆಳೆಯುವುದೇ ಇಲ್ಲ. ಕಲ್ಚರ್ ನೆಗೆಟಿವ್ ಅಂದರೆ ಸೋಂಕಿಲ್ಲ ಅಂತಲ್ಲ. ಯಾರಾದರೂ "ರಿಪೋರ್ಟ್ ನಾರ್ಮಲ್, ಸುಮ್ನೆ ಚುಚ್ಚಿದ್ದಾರೆ" ಅಂದರೆ ನಂಬಬೇಡಿ.

ಗದ್ದೆ ಬದಿ
ನಮ್ಮ ಅನುಭವ ಬೇರೆ. ನಾಟಿ ಮುಗಿದ ಮೇಲೆ ನಮ್ಮ ಅಣ್ಣನಿಗೆ ಇಲಿ ಜ್ವರ ಬಂತು, ಗುಣವಾಯಿತು. ಕೆಲವು ವಾರ ಬಿಟ್ಟು ಕಣ್ಣು ಕೆಂಪು, ಕರಿಗುಡ್ಡೆಯ ಕೆಳಗೆ ಬಿಳಿ ಗೆರೆಯಂತೆ ಕೀವು. ಎಲ್ಲರೂ ಒಳಗೆ ಸೋಂಕು ಅಂತಲೇ ಹೆದರಿದರು. ಕಡೆಗೆ ನೋಡಿದರೆ ಯೂವಿಯೈಟಿಸ್ ಅಂತೆ, ಅಂದರೆ ಕಣ್ಣಿನೊಳಗಿನ ಉರಿಯೂತ. ಸ್ಟೆರಾಯ್ಡ್ ಹನಿಯಲ್ಲಿ ವಾಸಿಯಾಯಿತು. ಹಾಗಾಗಿ ಕೀವು ಕಂಡ ಕೂಡಲೇ ಚುಚ್ಚಿಸಿಕೊಳ್ಳಬೇಡಿ.

ಪೊನ್ನಂಪೇಟೆ ರೆಟಿನಾ
ನಿಮ್ಮ ಅಣ್ಣನಿಗೆ ಆಗಿದ್ದು ನಿಜ, ಆದರೆ ಕೊನೆಯ ಸಾಲನ್ನು ನಾನು ಒಪ್ಪುವುದಿಲ್ಲ. 1993ರಲ್ಲಿ ಮದುರೈ ಕಡೆ ನೆರೆ ಬಂದ ಮೇಲೆ ಇಲಿ ಜ್ವರದಿಂದ ಕಣ್ಣಿನ ಉರಿಯೂತ ಬಹಳ ಜನರಿಗೆ ಬಂದಿತ್ತು. ಗದ್ದೆ, ಮಳೆ, ಕೆಸರು ಇರುವ ನಮ್ಮ ಜಿಲ್ಲೆಯಲ್ಲೂ ಅದನ್ನು ನೆನಪಿಟ್ಟುಕೊಳ್ಳಬೇಕು. ಆದರೆ ನಿಮ್ಮ ಅಣ್ಣನಿಗೆ ಆಪರೇಷನ್ ಆಗಿರಲಿಲ್ಲ, ಗಾಯವೂ ಇರಲಿಲ್ಲ. ವಾರದ ಹಿಂದೆ ಆಪರೇಷನ್ ಆದ ಕಣ್ಣಿನಲ್ಲಿ ಕೀವು ಕಂಡರೆ, ಬೇರೆ ಕಾರಣ ಸಿಗುವವರೆಗೆ ಅದು ಸೋಂಕೇ ಅಂತ ತಿಳಿದು ಚಿಕಿತ್ಸೆ ಮಾಡಬೇಕು. ನೋವಿಲ್ಲ ಅಂತಲೂ ಸುಮ್ಮನಿರಬಾರದು. ಆ 420 ಜನರ ಅಧ್ಯಯನದಲ್ಲಿ ಸುಮಾರು ಕಾಲು ಭಾಗ ರೋಗಿಗಳಿಗೆ ನೋವೇ ಇರಲಿಲ್ಲ. ದೃಷ್ಟಿ ಇಳಿದದ್ದೇ ಮುಖ್ಯ ಸೂಚನೆ.

ಮುಂಭಾಗದಿಂದ ಒಳಗೆ ಏನೂ ಕಾಣದಿದ್ದರೆ ಬಿ-ಸ್ಕ್ಯಾನ್ ಅಂತ ಅಲ್ಟ್ರಾಸೌಂಡ್ ಮಾಡುತ್ತೇವೆ. ಲೋಳೆಯಲ್ಲಿ ಕೀವು ಇದೆಯಾ, ರೆಟಿನಾ ಅಂಟಿಕೊಂಡಿದೆಯಾ ಅಂತ ಗೊತ್ತಾಗುತ್ತದೆ.

ಗದ್ದೆ ಬದಿ
ಸರಿ ಡಾಕ್ಟ್ರೇ, ಅಷ್ಟು ವ್ಯತ್ಯಾಸ ಇದೆ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ.

ವಿರಾಜಪೇಟೆ ಸೊಸೆ
ಡ್ರಿಪ್ ಬೇಡವೇ ಬೇಡ ಅನ್ನುವುದಕ್ಕೆ ನನ್ನ ತಕರಾರು ಇದೆ. ನಮ್ಮ ಮಾವನಿಗೆ ಯಾವ ಆಪರೇಷನ್ನೂ ಆಗಿರಲಿಲ್ಲ. ಸಕ್ಕರೆ ಜಾಸ್ತಿ, ಜ್ವರ, ಲಿವರಿನಲ್ಲಿ ಕೀವುಗಡ್ಡೆ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಒಂದು ಕಣ್ಣು ಕಾಣದಾಯಿತು. ರಕ್ತದ ಮೂಲಕ ಸೋಂಕು ಕಣ್ಣಿಗೆ ಹೋಗಿದೆ ಅಂದರು. ಅವರಿಗೆ ಕಣ್ಣಿಗೂ ಚುಚ್ಚಿದರು, ವಾರಗಟ್ಟಲೆ ಡ್ರಿಪ್ಪೂ ಕೊಟ್ಟರು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

ಪೊನ್ನಂಪೇಟೆ ರೆಟಿನಾ
ನಿಮ್ಮ ಮಾತು ಸರಿ. ನಾನು ಹೇಳಿದ್ದು ಆಪರೇಷನ್ ನಂತರದ ಸೋಂಕಿಗೆ ಮಾತ್ರ. ರಕ್ತದಿಂದ ಬಂದದ್ದಾದರೆ ಡ್ರಿಪ್ ಬೇಕೇ ಬೇಕು, ಯಾಕೆಂದರೆ ಮೂಲ ಬೇರೆ ಕಡೆ ಇದೆ. ಲಿವರಿನ ಕೀವುಗಡ್ಡೆಗೆ ಕಾರಣವಾಗುವ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಕಣ್ಣಿಗೆ ಬಂದರೆ ಬಹಳ ಕೆಟ್ಟದ್ದು. ಸಕ್ಕರೆ ಇರುವವರಲ್ಲಿ ಇದು ಜಾಸ್ತಿ. ಜ್ವರದಲ್ಲಿ ಮಲಗಿದವರು "ಕಣ್ಣು ಮಂಜು" ಅಂದರೆ ಸುಸ್ತಿಗೆ ಅಂತ ಬಿಡಬಾರದು.

ಕರಿಮೆಣಸು ಬಳ್ಳಿ
ತೋಟದವರಿಗೆ ಸಂಬಂಧಪಟ್ಟ ವಿಷಯ ಯಾರೂ ಎತ್ತಿಲ್ಲ. ನಮ್ಮಲ್ಲಿ ಕಳೆ ಹೊಡೆಯುವ ಮಷಿನ್‌ನಿಂದ ಕಲ್ಲು ಸಿಡಿದು ಒಬ್ಬ ಹುಡುಗನ ಕಣ್ಣಿಗೆ ಬಿತ್ತು. ಕಾಫಿ ಕುಯ್ಯುವಾಗ ಗಿಡದ ರೆಂಬೆ ತಾಗುವುದಂತೂ ಮಾಮೂಲು. ಬಹಳ ಜನ ಮೆಡಿಕಲ್ ಶಾಪಿನಲ್ಲಿ "ಕಣ್ಣು ಕೆಂಪಾಗಿದೆ, ಏನಾದರೂ ಕೊಡಿ" ಅಂತ ಕೇಳಿ ಡ್ರಾಪ್ಸ್ ತರುತ್ತಾರೆ. ಎರಡು ದಿನ ಕೆಂಪು ಇಳಿಯುತ್ತದೆ, ಆಮೇಲೆ ಬಿಳಿ ಚುಕ್ಕೆ ದೊಡ್ಡದಾಗುತ್ತದೆ. ನಮ್ಮ ಪಕ್ಕದ ಲೈನ್ ಮನೆಯ ಒಬ್ಬ ಹೆಂಗಸಿಗೆ ಹೀಗೇ ಕಣ್ಣು ಹೋಯಿತು. ಎರಡು ಮಕ್ಕಳ ತಾಯಿ. ಅವಳ ಮುಖ ನೋಡಲು ಆಗುವುದಿಲ್ಲ.

ಮೈಕ್ರೋ ಲ್ಯಾಬ್
ಆ ಡ್ರಾಪ್ಸ್‌ನಲ್ಲಿ ಸ್ಟೆರಾಯ್ಡ್ ಇದ್ದಿರುತ್ತದೆ. ಕೆಂಪು ಇಳಿಸುತ್ತದೆ, ಶಿಲೀಂಧ್ರಕ್ಕೆ ದಾರಿ ಮಾಡಿಕೊಡುತ್ತದೆ. ಕಡ್ಡಿ, ಎಲೆ, ಹೊಟ್ಟು ತಾಗಿದ ಕಣ್ಣಿನಲ್ಲಿ ದಕ್ಷಿಣ ಭಾರತದಲ್ಲಿ ಫ್ಯುಸೇರಿಯಂ, ಆಸ್ಪರ್ಜಿಲಸ್ ಅನ್ನುವ ಶಿಲೀಂಧ್ರಗಳು ತುಂಬಾ ಸಿಗುತ್ತವೆ. ಹುಣ್ಣನ್ನು ಕೆರೆದು ಕೆಒಎಚ್‌ನಲ್ಲಿ ನೋಡಿದರೆ ಅರ್ಧ ಗಂಟೆಯೊಳಗೆ ಶಿಲೀಂಧ್ರದ ಎಳೆ ಕಾಣುತ್ತದೆ. ಔಷಧಿ ನ್ಯಾಟಮೈಸಿನ್ 5%, ಶುರುವಿನಲ್ಲಿ ಗಂಟೆಗೊಮ್ಮೆ ಹಾಕಬೇಕು, ವಾರಗಟ್ಟಲೆ. ಹಾಗೇ ಬಿಟ್ಟರೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತೂತಾಗಿ ಶಿಲೀಂಧ್ರ ಒಳಗೆ ಹೋಗುತ್ತದೆ. ಆಮೇಲೆ ಉಳಿಸುವುದು ತುಂಬಾ ಕಷ್ಟ.

ಪೊನ್ನಂಪೇಟೆ ರೆಟಿನಾ
ಕಲ್ಲು ಸಿಡಿದ ಹುಡುಗನ ಬಗ್ಗೆ. ಮಣ್ಣಿನೊಂದಿಗೆ ಏನಾದರೂ ಕಣ್ಣಿನೊಳಗೆ ಹೊಕ್ಕರೆ ಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕಣ್ಣನ್ನು ಮುಗಿಸಿಬಿಡುತ್ತದೆ. ಇಂಥ ಕಣ್ಣಿಗೆ 1995ರ ಅಧ್ಯಯನ ಅನ್ವಯಿಸುವುದಿಲ್ಲ, ಸರ್ಜರಿಗೆ ಕಾಯುವುದಿಲ್ಲ. ಸುತ್ತಿಗೆಯಿಂದ ಕಬ್ಬಿಣ ಹೊಡೆಯುವಾಗ, ಬ್ಲೇಡಿಗೆ ಕಲ್ಲು ತಾಗಿದಾಗ ಸಿಡಿದ ಚೂರು ಎಷ್ಟು ಸಣ್ಣದಿದ್ದರೂ ಒಳಗೆ ಹೊಕ್ಕಿರಬಹುದು. ಆಗ ಸಿಟಿ ಸ್ಕ್ಯಾನ್ ಮಾಡಬೇಕು. ಎಂಆರ್‌ಐ ಮಾಡಲೇಬಾರದು, ಲೋಹದ ಚೂರು ಒಳಗೆ ಸರಿದಾಡುತ್ತದೆ.

ಊರಲ್ಲಿ ಏನು ಮಾಡಬೇಕು ಅಂದರೆ: ಕಣ್ಣು ಒತ್ತಬೇಡಿ, ಉಜ್ಜಬೇಡಿ. ಚುಚ್ಚಿಕೊಂಡದ್ದನ್ನು ಕೀಳಬೇಡಿ. ಪೇಪರ್ ಲೋಟದ ತಳ ಕತ್ತರಿಸಿ ಕಣ್ಣಿಗೆ ತಾಗದ ಹಾಗೆ ಮೇಲಿಟ್ಟು ಪ್ಲಾಸ್ಟರ್ ಹಾಕಿ. ಊಟ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು. ಹೊರಡಿ.

ಸಂಪಾಜೆ ಘಾಟಿ
ಹೊರಡಿ ಅನ್ನುವುದು ಸುಲಭ ಡಾಕ್ಟ್ರೇ. ನಾನು ಬಾಡಿಗೆ ಕಾರು ಓಡಿಸುವವನು. 2018ರ ಆಗಸ್ಟಿನಲ್ಲಿ ಮಂಗಳೂರು ರಸ್ತೆ ಕುಸಿದು ಹೋದಾಗ ಈ ಕಡೆಯಿಂದ ಆ ಕಡೆಗೆ ದಾರಿಯೇ ಇರಲಿಲ್ಲ. ಜೋರು ಮಳೆಗೆ ಭಾಗಮಂಡಲ ಕಡೆ ನೀರು ತುಂಬಿದರೆ ಮಡಿಕೇರಿಗೆ ಬರುವುದೇ ಕಷ್ಟ. ಜೂನ್, ಜುಲೈನಲ್ಲಿ ತುರ್ತಲ್ಲದ ಪೊರೆ ಆಪರೇಷನ್ ಯಾಕೆ ಇಟ್ಟುಕೊಳ್ಳುತ್ತೀರಿ? ಅದು ನನ್ನ ಪ್ರಶ್ನೆ.

ಕಕ್ಕಬ್ಬೆ ಹೊಳೆ
ಅಣ್ಣಾ, ಮಳೆಗಾಲದಲ್ಲೇ ತೋಟದ ಕೆಲಸ ಕಡಿಮೆ. ಕುಯ್ಲು ಶುರುವಾದರೆ ಅಪ್ಪ ಹೊರಡುವುದೇ ಇಲ್ಲ.

ಥಿಯೇಟರ್ ಸಿಸ್ಟರ್
ಮಳೆಗಾಲದಲ್ಲಿ ಮಾಡಿಸಿದರೆ ತಪ್ಪಿಲ್ಲ. ಆದರೆ ಆಪರೇಷನ್ ಆದ ಮೊದಲ ವಾರ ಮೈಸೂರಿನಲ್ಲೋ ಹುಣಸೂರಿನಲ್ಲೋ ನೆಂಟರ ಮನೆ ಇದ್ದರೆ ಉಳಿಯಿರಿ. ಡಿಸ್ಚಾರ್ಜ್ ಚೀಟಿಯಲ್ಲಿ ರಾತ್ರಿ ಫೋನ್ ತೆಗೆಯುವ ನಂಬರ್ ಬರೆಸಿಕೊಳ್ಳಿ. ದಿನಾ ಬೆಳಿಗ್ಗೆ ಒಳ್ಳೆಯ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿಸಿ. ನಿನ್ನೆ ಓದಿದ್ದು ಇವತ್ತು ಓದಲಾಗದಿದ್ದರೆ ಆ ಕ್ಷಣವೇ ಫೋನ್. ಹಣದ ಚಿಂತೆ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ಆಯುಷ್ಮಾನ್ ಕಾರ್ಡಿನಲ್ಲಿ ಏನು ಬರುತ್ತದೆ ಅಂತ ಹೇಳುತ್ತಾರೆ.

ಸೋಮವಾರಪೇಟೆ ಅಣ್ಣ
ಕ್ಯಾಲೆಂಡರ್ ಮಾತು ಆವತ್ತೇ ನಮ್ಮ ಅತ್ತೆಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಸಿಸ್ಟರ್. ಪ್ರತಿ ಆಸ್ಪತ್ರೆ ಕನ್ನಡದಲ್ಲಿ ಒಂದು ಚೀಟಿ ಅಚ್ಚು ಹಾಕಿಸಿ ಕೊಡಬೇಕು. ಇದರಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಕಕ್ಕಬ್ಬೆ ಹೊಳೆ
ಹೊಸ ಸುದ್ದಿ. ಕಲ್ಚರಿನಲ್ಲಿ ಸ್ಟಫೈಲೊಕಾಕಸ್ ಎಪಿಡರ್ಮಿಡಿಸ್ ಅನ್ನುವ ಬ್ಯಾಕ್ಟೀರಿಯಾ ಅಂತ ಬಂದಿದೆ. ರೆಪ್ಪೆ ಊತ ಇಳಿದಿದೆ, ಇವತ್ತು ಹತ್ತಿರದಿಂದ ಬೆರಳು ಎಣಿಸಿದರು. ಸಕ್ಕರೆ ಹಿಡಿತಕ್ಕೆ ತರಲು ಇನ್ಸುಲಿನ್ ಶುರು ಮಾಡಿದ್ದಾರೆ. ಸದ್ಯಕ್ಕೆ ಸರ್ಜರಿ ಬೇಡ ಅಂದಿದ್ದಾರೆ. ಚಿಕ್ಕಪ್ಪನಿಗೆ ಇದೇ ಚರ್ಚೆ ಓದಿಸಿದೆ, ಈಗ ಸಮಾಧಾನವಾಗಿದ್ದಾರೆ.

ಮೈಕ್ರೋ ಲ್ಯಾಬ್
ಇದ್ದದ್ದರಲ್ಲಿ ಒಳ್ಳೆಯ ಸುದ್ದಿ ಅಕ್ಕ. ಆಪರೇಷನ್ ನಂತರ ಹೆಚ್ಚಾಗಿ ಸಿಗುವುದು ಅದೇ. ಸ್ಟ್ರೆಪ್ಟೊಕಾಕಸ್, ಸ್ಯೂಡೊಮೊನಾಸ್‌ಗಿಂತ ಸಾಧು.

ಪೊನ್ನಂಪೇಟೆ ರೆಟಿನಾ
ಸಂತೋಷ. ಹನಿ ಹಾಕುವುದನ್ನು ನಿಲ್ಲಿಸಬೇಡಿ, ಹೇಳಿದ ದಿನ ತಪ್ಪಿಸಬೇಡಿ. ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಲೋಳೆಯಲ್ಲಿ ಮಬ್ಬು ಉಳಿಯಬಹುದು, ರೆಟಿನಾ ಬಿಟ್ಟುಕೊಳ್ಳುವ ಅಪಾಯವೂ ಇದೆ. ಮಿಂಚಿದಂತೆ, ಪರದೆ ಬಿದ್ದಂತೆ ಕಂಡರೆ ಕೂಡಲೇ ಹೋಗಿ.

ಕರಿಮೆಣಸು ಬಳ್ಳಿ
ಡಾಕ್ಟ್ರೇ, ಹೋಗುವ ಮೊದಲು ಒಂದು. ಮಷಿನ್ ಹೊಡೆಯುವ ಹುಡುಗರಿಗೆ ಕನ್ನಡಕ ಕೊಟ್ಟರೆ ಮಳೆಗೆ ಮಂಜು ಕಟ್ಟುತ್ತದೆ ಅಂತ ತೆಗೆದು ಜೇಬಿಗೆ ಹಾಕುತ್ತಾರೆ. ಬೈದರೂ ಅಷ್ಟೇ. ಕಬ್ಬಿಣದ ಜಾಲರಿ ಮುಖವಾಡ ಸಾಕಾ?

ಪೊನ್ನಂಪೇಟೆ ರೆಟಿನಾ
ಬರೀ ಜಾಲರಿ ಸಾಲದು. ದೊಡ್ಡ ಕಲ್ಲು ತಡೆಯುತ್ತದೆ, ಸಣ್ಣ ಚೂರು ತೂರಿ ಬರುತ್ತದೆ. ಜಾಲರಿಯ ಒಳಗೆ ಪಾಲಿಕಾರ್ಬೊನೇಟ್ ಕನ್ನಡಕವೂ ಇರಲಿ, ಪಕ್ಕದಲ್ಲಿ ಗಾಳಿ ಆಡುವ ರಂಧ್ರ ಇರುವಂಥದ್ದು.

ಸಂಪಾಜೆ ಘಾಟಿ
ಎರಡೂ ಹಾಕಿಕೊಂಡು ಇಳಿಜಾರಿನಲ್ಲಿ ಕೆಲಸ ಆಗುತ್ತದಾ? ಬಿದ್ದರೆ?

ಕರಿಮೆಣಸು ಬಳ್ಳಿ
ಆಗುತ್ತದೆ. ಮಂಜು ಕಟ್ಟಿದಾಗ ಮಷಿನ್ ನಿಲ್ಲಿಸಿ ಒರೆಸಿಕೊಳ್ಳಲಿ, ಆ ಸಮಯಕ್ಕೆ ಯಾವ ಮಾಲೀಕನೂ ಸಂಬಳ ಕಡಿಯಬಾರದು. ನಾಳೆ ಗೋಣಿಕೊಪ್ಪಕ್ಕೆ ಹೋಗುತ್ತೇನೆ, ಎಲ್ಲರಿಗೂ ಜೋಡಿ ತರುತ್ತೇನೆ. ಸಂಘದ ಮೀಟಿಂಗಿನಲ್ಲೂ ಎತ್ತುತ್ತೇನೆ.